ನೂರಕ್ಕೆ ಎಂಬತ್ತನಾಲ್ಕು

ಹೋದ ತಿಂಗಳು ಮೈಸೂರಿನ ನಮ್ಮ ಆಸ್ಪತ್ರೆಗೆ ಮಂಡಿನೋವಿನ ಅಜ್ಜಿಯೊಬ್ಬರು ಬಂದಿದ್ದರು. ನೋಡಿ ಮುಗಿಸಿ ಚೀಟಿ ಬರೆಯುತ್ತಿದ್ದೆ. ಅವರು ಬಟ್ಟೆಚೀಲದಿಂದ ನಾಲ್ಕು ಕೊಬ್ಬರಿ ಗಿಟುಕು ತೆಗೆದು ಮೇಜಿನ ಮೇಲಿಟ್ಟರು. "ತಿಪಟೂರ್ ಕಡೇವು ಕಣಮ್ಮ. ಮಗಳ ಮನೇಲಿ ಅಟ್ಟದ ಮೇಲೇ ಒಣಗಿದ್ದು" ಎಂದರು. ಬೇಡ ಅನ್ನಲು ಬಾಯಿ ತೆರೆದವಳು ಹಾಗೇ ಕುಳಿತುಬಿಟ್ಟೆ. ಆ ವಾಸನೆ ಮೂಗಿಗೆ ಬಡಿದಿತ್ತು. ಎಣ್ಣೆಯ ಸಿಹಿ, ಸ್ವಲ್ಪ ಹೊಗೆ, ಎಲ್ಲದರ ಹಿಂದೆ ಒಂದು ಸಣ್ಣ ಕಮಟು. ಮುಂದಿನ ಪೇಷಂಟನ್ನು ಐದು ನಿಮಿಷ ಬಿಟ್ಟು ಕಳಿಸಿ ಎಂದು ನರ್ಸ್‌ಗೆ ಹೇಳಿದೆ. ಐದು ನಿಮಿಷ ಸಾಲಲಿಲ್ಲ.

ನಾನು ಮೂಳೆ ಡಾಕ್ಟರು. ಹೆಂಗಸರು ಈ ವಿಭಾಗಕ್ಕೆ ಬರುವುದೇ ಕಡಿಮೆ. ಬಂದವರೂ ಎಂ.ಎಸ್. ಮುಗಿಸಿ, ಸಾಕಪ್ಪಾ ಸಾಕು ಎಂದು ಯಾವುದಾದರೂ ಆಸ್ಪತ್ರೆ ಸೇರಿಕೊಳ್ಳುತ್ತಾರೆ. ನನಗೆ ಅಷ್ಟಕ್ಕೆ ತೃಪ್ತಿ ಇರಲಿಲ್ಲ. ಹೆಸರಿನ ಹಿಂದೆ ಡಾಕ್ಟರ್ ಅಂತ ಒಂದು ಸಲ ಬಂದರೆ ಸಾಲದು, ಎರಡು ಸಲ ಬರಬೇಕು ಎಂಬ ಚಪಲ. ಆಗ ತುಮಕೂರಿನಲ್ಲಿದ್ದೆ. ಪಿಎಚ್.ಡಿ.ಗೆ ಸೇರಿದೆ. ವಿಷಯ, ತೆಂಗಿನಕಾಯಿ ಸುಲಿಯುವವರ ಭುಜ.

ಯಾಕೆ ಭುಜ ಎಂದರೆ, ಆ ಸೀಮೆಯ ಉಂಡೆ ಕೊಬ್ಬರಿ ಸುಮ್ಮನೆ ಆಗುವುದಿಲ್ಲ. ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ವರ್ಷದ ಹತ್ತಿರ ಹಾಗೇ ಬಿಡುತ್ತಾರೆ. ಒಳಗಿನ ನೀರೆಲ್ಲ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾದ ಮೇಲೆ ಸುಲಿಯುವವರ ಗುಂಪು ಬರುತ್ತದೆ. ನೆಲಕ್ಕೆ ನೆಟ್ಟ ಚೂಪಾದ ಹಾರೆಗೆ ಕಾಯನ್ನು ಎರಡು ಕೈಯಲ್ಲೂ ಹಿಡಿದು ಕುಕ್ಕಬೇಕು, ಒತ್ತಿ ತಿರುಚಬೇಕು, ಮತ್ತೆ ಕುಕ್ಕಬೇಕು. ಬೆಳಗಿನಿಂದ ಸಂಜೆಯವರೆಗೆ ಇದೇ. ನಲವತ್ತು ದಾಟಿದವರ ಭುಜದೊಳಗೆ ಮಾಂಸವನ್ನು ಮೂಳೆಗೆ ಕಟ್ಟುವ ನಾರು ಸವೆದು ಎಳೆ ಬಿಟ್ಟಿರುತ್ತದೆ. ಹಾರೆಯನ್ನು ಒಂದು ಗೇಣು ಎತ್ತರಿಸಿ, ದಿನಕ್ಕೆರಡು ಸಲ ಐದು ವ್ಯಾಯಾಮ ಮಾಡಿಸಿದರೆ ಆ ಭುಜ ಸುಧಾರಿಸುತ್ತದೆಯೇ ಎಂಬುದು ನನ್ನ ಪ್ರಶ್ನೆ. ವರ್ಷದಲ್ಲಿ ನಾಲ್ಕು ಸಲ ಎಲ್ಲರ ಭುಜವನ್ನೂ ಅಳೆಯಬೇಕು. ನೋವೆಷ್ಟು, ಕೈ ಎಲ್ಲಿಯವರೆಗೆ ಏಳುತ್ತದೆ, ಎಷ್ಟು ಬಲವಿದೆ ಎಂದು ನೋಡಿ ನೂರಕ್ಕೆ ಇಷ್ಟು ಎಂದು ಅಂಕ ಹಾಕಬೇಕು.

ಕಾರ್ತಿಕದ ಚಳಿಯಲ್ಲಿ ಶುರುಮಾಡಿದೆ. ಬೆಳಗಿನ ರೈಲು ಹತ್ತಿ, ಅಮ್ಮಸಂದ್ರ ದಾಟುವಷ್ಟರಲ್ಲಿ ಕಿಟಕಿಯ ಎರಡೂ ಕಡೆ ತೆಂಗಿನ ತೋಟಗಳು ಕೂಡಿಕೊಳ್ಳುತ್ತಿದ್ದವು. ತಿಪಟೂರಿನಲ್ಲಿಳಿದು ಹಾಲ್ಕುರಿಕೆಗೆ ಬಸ್ಸು. ಅಲ್ಲಿ ಗುರುಸಿದ್ದಯ್ಯನವರು ಎಂಬ ತೋಟದ ಯಜಮಾನರು ತಮ್ಮ ಕಾಯಿಮನೆಯ ಅಂಗಳವನ್ನೇ ನನಗೆ ಬಿಟ್ಟುಕೊಟ್ಟಿದ್ದರು. ಹಣೆತುಂಬ ವಿಭೂತಿ, ಬಾಯಿತುಂಬ ಮಾತು, ಒಳ್ಳೆಯ ಮನುಷ್ಯ. ಅಟ್ಟದ ಮೇಲೆ ಕಾಯಿ, ಕೆಳಗೆ ನನ್ನ ಮೇಜು. ಆ ವಾಸನೆ ನನ್ನ ಕೂದಲಿಗೂ ಪುಸ್ತಕಕ್ಕೂ ಹತ್ತಿದ್ದು ಅಲ್ಲೇ.

ಮೊದಲ ದಿನ ನಾನು ಬಲ ಅಳೆಯುವ ಸ್ಪ್ರಿಂಗ್ ತಕ್ಕಡಿ ತೆಗೆದಾಗ ಗುಂಪೆಲ್ಲ ಗೊಳ್ಳೆಂದಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಕೆಂಚಪ್ಪ.

"ಏನ್ ಡಾಕ್ಟ್ರಮ್ಮ, ನಮ್ ಕೈನೂ ತೂಕಕ್ಕಾಕ್ತೀರಾ? ಮಾರ್ಕೆಟ್ನಲ್ಲಿ ಈವತ್ತು ಕೈಗೇನ್ ರೇಟೈತೆ?"

ಕೆಂಚಪ್ಪ ಕಂದಿಕೆರೆ ಕಡೆಯವನು. ಐವತ್ತರ ಆಸುಪಾಸು, ಒಣಕಲು ಮೈ, ಗೂಟದಂಥ ತೋಳು. ಆ ಗುಂಪಿನಲ್ಲಿ ಅವನಷ್ಟು ಬೇಗ ಸುಲಿಯುವವರು ಇರಲಿಲ್ಲ. ಅವನು ಸುಲಿದ ಕಾಯಿಗೆ ಒಂದು ಗೀರೂ ಬೀಳುವುದಿಲ್ಲ ಎಂದು ಯಜಮಾನರೇ ಹೇಳುತ್ತಿದ್ದರು. ಹೆಂಡತಿ ಜಯಮ್ಮ ಅದೇ ಗುಂಪಿನಲ್ಲಿ ಸುಲಿದ ಸಿಪ್ಪೆಯ ಮಟ್ಟೆ ಆಯ್ದು ರಾಶಿ ಹಾಕುತ್ತಿದ್ದಳು. ಮಾತು ಕಮ್ಮಿ, ನೋಟ ಚೂಪು.

ಕೆಂಚಪ್ಪನ ಬಲಭುಜಕ್ಕೆ ಆ ದಿನ ಬಂದದ್ದು ಐವತ್ತೆಂಟು. ಎಲ್ಲರಿಗೂ ನಾನೊಂದು ಹಳದಿ ಕಾರ್ಡು ಮಾಡಿಸಿದ್ದೆ. ಹೆಸರು, ನಾಲ್ಕು ಕಾಲಂ, ಒಂದೊಂದರಲ್ಲೂ ಆ ಸಲದ ಅಂಕ. ಅಂಕಗಳನ್ನು ನಿನ್ನ ಹತ್ತಿರ ಇಟ್ಟುಕೋ, ಅವರಿಗೆ ಕೊಡಬೇಡ ಎಂದು ನನ್ನ ಗೈಡ್ ಹೇಳಿದ್ದರು. ನಾನು ಕೇಳಲಿಲ್ಲ. ಅವರ ದೇಹ, ಅವರ ಅಂಕ, ಅದು ಅವರ ಕೈಯಲ್ಲೇ ಇರಬೇಕು ಎಂದು ದೊಡ್ಡ ಭಾಷಣ ಬಿಗಿದಿದ್ದೆ. ಈಗ ನೆನೆದರೆ ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

"ಐವತ್ತೆಂಟು ಅಂದ್ರೆ ಪಾಸಾ ಫೇಲಾ?" ಎಂದು ಕೆಂಚಪ್ಪ ಕೇಳಿದ.

"ಫಸ್ಟ್ ಕ್ಲಾಸಿಗೆ ಎರಡು ಕಮ್ಮಿ ಕೆಂಚಣ್ಣ."

ಅವನ ಮುಖ ಅರಳಿತು. "ನಾಕನೇ ಕ್ಲಾಸಿಗೇ ಇಸ್ಕೂಲ್ ಬುಟ್ಟೋನು ಕಣಮ್ಮ ನಾನು. ನೋಡೇ ಜಯಾ, ಇನ್ನೆರಡು ಬಂದಿದ್ರೆ ಫಸ್ಟ್ ಕ್ಲಾಸಂತೆ!"

ನಾನು ಅಷ್ಟಕ್ಕೇ ಸುಮ್ಮನಾಗಬಹುದಿತ್ತು. ಆಗಲಿಲ್ಲ. ವ್ಯಾಯಾಮ ತಪ್ಪಿಸಬೇಡಿ ಎಂದು ಹೇಳಲು ಹೋಗಿ, "ನಿಮ್ಮ ಕೈ ಮೇಲೆದ್ದರೆ ನನ್ನ ಓದು ಮುಂದಕ್ಕೆ ಹೋಗೋದು. ನೀವೆಲ್ಲ ಫೇಲಾದರೆ ನಾನೂ ಫೇಲು, ನೆನಪಿರಲಿ" ಎಂದೆ. ತಮಾಷೆಗೆ ಹೇಳಿದ್ದು. ಎಲ್ಲರೂ ನಕ್ಕರು. ಜಯಮ್ಮ ಮಾತ್ರ ನಗದೆ ನನ್ನನ್ನೇ ನೋಡುತ್ತಿದ್ದಳು.

ಎರಡನೇ ಸಲ ಹೋದಾಗ ಬಿಸಿಲು ಏರಿತ್ತು. ಕೆಂಚಪ್ಪನಿಗೆ ಅರವತ್ತೊಂದು. ಹಾರೆ ಎತ್ತರಿಸಿದ್ದು ಒಳ್ಳೆಯದಾಯಿತು ಅಂದ. ನೋವು ಹೋಗಿಲ್ಲ ಅಂತಲೂ ಅಂದ. ನನ್ನ ಒಟ್ಟು ಲೆಕ್ಕದಲ್ಲೂ ಹಾಗೇ, ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಮುಖ ಸಪ್ಪಗೆ ಮಾಡಿಕೊಂಡೇ ಅಳತೆ ಮುಗಿಸಿದೆ. ಮರೆಮಾಚುವುದು ನನಗೆ ಬರುವುದಿಲ್ಲ. ಹೊರಡುವಾಗ ಗುರುಸಿದ್ದಯ್ಯನವರು ಎಳನೀರು ಕೊಟ್ಟು, ತಾವಾಗಿಯೇ ಸಂತೋಷದ ಸುದ್ದಿಯೊಂದನ್ನು ಹೇಳಿದರು.

"ನಿಮ್ ಕಾರ್ಡಿಂದ ಭಾಳ ಉಪ್ಕಾರ ಆಯ್ತು ಕಣಮ್ಮ. ಎಪ್ಪತ್ತಕ್ಕಿಂತ ಕಮ್ಮಿ ಇರೋರ್ನ ಇನ್ಮೇಲೆ ಹಾರೆ ಹತ್ರ ಬುಡಲ್ಲ. ನೋವು ತಿನ್ನೋರ ಕೈಲಿ ಸುಲಿಸಿ, ಆ ಕೊಬ್ರಿನ ದೇವ್ರಿಗೆ ಏರ್ಸಕ್ಕಾಯ್ತದಾ? ಅಕ್ಕಪಕ್ಕದ ತೋಟದೋರ್ಗೂ ಹೇಳಿವ್ನಿ. ಎಲ್ರೂ ಕಾರ್ಡ್ ಕೇಳ್ತಾವ್ರೆ."

ಎಳನೀರನ್ನು ಕೆಳಗಿಟ್ಟೆ. ಇದು ಅದಕ್ಕಲ್ಲ ಯಜಮಾನ್ರೇ, ಇದು ಬರೀ ನನ್ನ ಓದಿಗೆ ಎಂದೆ. ಅವರು ಕೈ ಮುಗಿದು, "ಗೊತ್ತಮ್ಮ, ನಿಮ್ ಓದು ಜನಕ್ಕೆ ಉಪಯೋಗ ಆಗ್ಲಿ ಬುಡಿ" ಎಂದರು. ಆ ಮನುಷ್ಯನ ಮುಖದಲ್ಲಿ ಕಪಟ ಹುಡುಕಿದೆ, ಸಿಗಲಿಲ್ಲ. ಕರುಣೆಯಿಂದ ಮಾಡಿದ ತಪ್ಪನ್ನು ಬೈಯುವುದು ಹೇಗೆ? ಅಂಗಳದ ಆಚೆ ಕೆಂಚಪ್ಪ ಹೆಂಗಸರ ಸಾಲಿನಲ್ಲಿ ಬಗ್ಗಿ ಮಟ್ಟೆ ಆಯುತ್ತಿದ್ದ. ಅವನು ಖಾಲಿ ಬಿಟ್ಟ ಹಾರೆಯ ಮುಂದೆ ಗುಂಪಿನ ಇನ್ನೊಬ್ಬ ನಿಂತಿದ್ದ. ಕೆಂಚಪ್ಪ ನನ್ನ ಕಡೆ ನೋಡಲಿಲ್ಲ.

ಆ ದಿನವೇ ಕಾರ್ಡುಗಳನ್ನೆಲ್ಲ ವಾಪಸು ಇಸಿದುಕೊಂಡು ಒಲೆಗೆ ಹಾಕಬೇಕಿತ್ತು. ನಾನು ಮಾಡಿದ್ದು ರೈಲ್ವೆ ಸ್ಟೇಷನ್ನಿನಲ್ಲಿ ಕೂತು ಗೈಡ್‌ಗೆ ಫೋನು. ಮಧ್ಯದಲ್ಲಿ ಏನೂ ಬದಲಾಯಿಸಬೇಡಮ್ಮ, ಮೂರನೇ ರೀಡಿಂಗ್ ಮುಗಿಯಲಿ, ಆಮೇಲೆ ನೋಡೋಣ ಎಂದರು ಅವರು. ಸರಿ ಸರ್ ಎಂದೆ. ಅವರು ಹಾಗೆ ಹೇಳಲಿ ಎಂದೇ ನಾನು ಫೋನು ಮಾಡಿದ್ದು ಎಂದು ಈಗ ಗೊತ್ತಾಗುತ್ತದೆ.

ಮೂರನೇ ಸಲ ಆಷಾಢ. ಮೋಡ ತೇಲಿ ಬರುತ್ತಿತ್ತು, ಮಳೆ ಮಾತ್ರ ಸುರಿಯುತ್ತಿರಲಿಲ್ಲ. ಗಾಳಿ ದಿನವಿಡೀ ಗರಿಗಳನ್ನು ಜಾಡಿಸುತ್ತಿತ್ತು. ಒಣಗಿದ ಗರಿಯೊಂದು ಆಗಾಗ ದಬ್ಬೆಂದು ಬಿದ್ದಾಗ ನಾನು ಬೆಚ್ಚುತ್ತಿದ್ದೆ. ಬೆಳಗಿನಿಂದ ಎಲ್ಲರ ಅಂಕವೂ ಏರುತ್ತಿತ್ತು. ಹಿಂದಿನ ಸಲ ಬೆನ್ನ ಹಿಂದೆ ಕೈ ತರಲಾರದೆ ಮುಖ ಹಿಂಡಿದವರು ಈಗ ನೋವೇ ಇಲ್ಲ ಎನ್ನುತ್ತಿದ್ದರು. ನನಗೆ ಅನುಮಾನ ಬರಬೇಕಿತ್ತು. ಬಂತು ಕೂಡ. ಆದರೆ ಸಂತೋಷ ಅನುಮಾನಕ್ಕಿಂತ ಬೇಗ ಬಂದು ಕುರ್ಚಿ ಹಿಡಿದಿತ್ತು.

ಕೆಂಚಪ್ಪ ಕೊನೆಯಲ್ಲಿ ಬಂದ. ತಲೆಗೆ ಎಣ್ಣೆ ಹಚ್ಚಿ ಬಾಚಿದ್ದ, ಒಗೆದ ಅಂಗಿ ಹಾಕಿದ್ದ.

"ನೋವು?"

"ಇಲ್ಲ."

"ಮಲಗಿದಾಗ?"

"ಇಲ್ಲ ಕಣಮ್ಮ, ಒಳ್ಳೇ ನಿದ್ದೆ ಬತ್ತದೆ."

"ಕೈ ಎತ್ತಿ, ಎಷ್ಟಾಗುತ್ತೋ ಅಷ್ಟು."

ಎತ್ತಿದ. ಕಿವಿಗೆ ತಾಗುವವರೆಗೂ ಎತ್ತಿದ. ತಲೆಯ ಹಿಂದೆ ಒಯ್ದ, ಬೆನ್ನ ಹಿಂದೆ ತಂದ. ತಕ್ಕಡಿಯ ಕೊಕ್ಕೆಯನ್ನು ಮಣಿಕಟ್ಟಿಗೆ ಸಿಕ್ಕಿಸಿ, ತೋಳನ್ನು ಭುಜದ ಮಟ್ಟದಲ್ಲಿ ಹಿಡಿದು ಎಳೆಯಿರಿ ಎಂದೆ. ಎಳೆದ. ಮುಳ್ಳು ಏರಿತು. ಗಾಳಿಗೆ ನನ್ನ ಕಾಗದ ಹಾರುವಷ್ಟು ತಂಪಿದ್ದ ಆ ಹೊತ್ತಿನಲ್ಲಿ ಅವನ ಮೇಲ್ದುಟಿಯ ಮೇಲೆ ಬೆವರಿನ ಹನಿಗಳು ಮೂಡಿದವು. ತುಟಿ ಬೆಳ್ಳಗಾಯಿತು. ಎದುರಿಗೆ ಮಟ್ಟೆ ರಾಶಿಯ ಹತ್ತಿರ ಜಯಮ್ಮ ಬೆನ್ನು ತಿರುಗಿಸಿ ನಿಂತಿದ್ದಳು. ನಾನು ಬೆವರನ್ನು ನೋಡಿದೆ. ಮುಳ್ಳನ್ನೂ ನೋಡಿದೆ. ಮುಳ್ಳನ್ನು ಬರೆದುಕೊಂಡೆ.

ಎಂಬತ್ತನಾಲ್ಕು. ನನ್ನ ಇಡೀ ಪಟ್ಟಿಯಲ್ಲಿ ಅಷ್ಟು ಏರಿದವರು ಬೇರೊಬ್ಬರಿರಲಿಲ್ಲ.

"ಡಿಸ್ಟಿಂಕ್ಷನ್ ಕೆಂಚಣ್ಣ!" ಎಂದೆ. ಗುರುಸಿದ್ದಯ್ಯನವರು ಕಾರ್ಡು ಇಸಿದುಕೊಂಡು ಕನ್ನಡಕ ಏರಿಸಿ ಓದಿ, "ಭೇಷ್ ಕಣ್ಲಾ ಕೆಂಚ. ಹೋಗು, ನಿನ್ ಹಾರೆ ನಿಂದೇ" ಎಂದರು. ಅವನು ಎಡಗೈಯಿಂದ ಕಾರ್ಡು ತೆಗೆದುಕೊಂಡು ಕಣ್ಣಿಗೊತ್ತಿಕೊಂಡ. ಯಾಕೆ ಎಡಗೈ ಎಂದು ಆಗ ಯೋಚಿಸಲಿಲ್ಲ. ರೈಲಿನಲ್ಲಿ ದಾರಿಯುದ್ದಕ್ಕೂ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಆ ಅಂಕಿಗಳನ್ನೇ ನೋಡುತ್ತ ಒಬ್ಬಳೇ ನಗುತ್ತಿದ್ದೆ.

ಶ್ರಾವಣ ಹಿಡಿದು ವಾರವಾಗಿರಬೇಕು. ಗುರುಸಿದ್ದಯ್ಯನವರ ಫೋನು. "ಕೆಂಚನ ಕೈ ಬಿದ್ದೋಯ್ತು ಕಣಮ್ಮ" ಎಂದರು. ಸುಲಿಯುತ್ತಿದ್ದಾಗ ಭುಜದೊಳಗೆ ಏನೋ ಪಟ್ಟೆಂದಿತಂತೆ. ಕೈಯಲ್ಲಿದ್ದ ಕಾಯಿ ಉರುಳಿಹೋಯಿತಂತೆ. ಅಷ್ಟೆ.

ಕಂದಿಕೆರೆಗೆ ಹೋದಾಗ ಅವನು ಜಗಲಿಯ ಮೇಲೆ ಕೂತಿದ್ದ. ಬಲತೋಳು ಮೈಗೆ ಅಂಟಿಕೊಂಡು ಜೋತಿತ್ತು. ಎತ್ತಿ ಎಂದರೆ ಮೈಯೆಲ್ಲ ಓರೆಯಾಗುತ್ತಿತ್ತು, ಕೈ ಏಳುತ್ತಿರಲಿಲ್ಲ. ಯಾವಾಗಿನಿಂದ ನೋವಿತ್ತು ಎಂದು ಕೇಳಿದೆ. ಅವನು ತಲೆ ತಗ್ಗಿಸಿದ. ಮಾತಾಡಿದ್ದು ಜಯಮ್ಮ, ಅದೂ ಒಲೆಯ ಕಡೆ ಮುಖ ಮಾಡಿಕೊಂಡು.

"ಯಾವತ್ತು ಹೋಗಿತ್ತವ್ವ ನೋವು? ತೊಲೆಗೆ ಹಗ್ಗ ಕಟ್ಟಿ, ಎಡಗೈಲಿ ಎಳ್ಕಂಡು ಬಲಗೈನ ಎತ್ತಿಸ್ತಿದ್ರು. ಒಂದ್ ತಿಂಗಳು ಪರೀಕ್ಷೆಗೆ ಓದ್ದಂಗೆ ಓದೌರೆ. ನೀವ್ ಬರಾಕ್ ಮುಂಚೆ ಅದ್ಯಾರ್ತಾವೋ ಹೋಗಿ ಭುಜುಕ್ಕೇ ಸೂಜಿ ಹಾಕ್ಸ್ಕಂಡ್ರು. ಒಂದಲ್ಲ, ಮೂರು. ಮಟ್ಟೆ ಆಯೋಕ್ಕಿಂತ ಸಾಯೋದ್ ವಾಸಿ ಅನ್ನೋರು. ಬ್ಯಾಡ ಅಂದೆ. ನನ್ ಮಾತು ಯಾರ್ ಕೇಳ್ತಾರೆ?"

ಸವೆದ ನಾರಿಗೆ ಅಂಥ ಸ್ಟೀರಾಯ್ಡ್ ಸೂಜಿ ಮೇಲಿಂದ ಮೇಲೆ ಬಿದ್ದರೆ ಏನಾಗುತ್ತದೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನೋವು ಸತ್ತಿರುತ್ತದೆ, ನಾರೂ ಸಾಯುತ್ತಿರುತ್ತದೆ. ತುಮಕೂರಿಗೆ ಕರೆದೊಯ್ದೆವು. ಆಪರೇಷನ್ನಿನಲ್ಲಿ ನಾನೂ ನಿಂತಿದ್ದೆ. ಹರಿದ ನಾರು ಒಳಕ್ಕೆ ಸೆಳೆದುಕೊಂಡಿತ್ತು. ನೆನೆದು ಕೊಳೆತ ತೆಂಗಿನ ಹಗ್ಗದಂತೆ, ಹಿಡಿದಲ್ಲೆಲ್ಲ ಪಿಸಿಯುತ್ತಿತ್ತು. ಮೂಳೆಯವರೆಗೆ ಎಳೆದು ಕಟ್ಟಲು ಆಗಲಿಲ್ಲ. ಸಾಧ್ಯವಾದಷ್ಟು ಶುಚಿಮಾಡಿ ಹೊಲಿಗೆ ಹಾಕಿದೆವು. ಕೈ ತೊಳೆಯುವ ತೊಟ್ಟಿಯ ಹತ್ತಿರ ನಿಂತು ಅತ್ತೆ. ಸೋಪು ಕಣ್ಣಿಗೆ ಹೋಯಿತೆಂದು ಕೇಳಿದವರಿಗೆ ಹೇಳಿದೆ.

ನಾಲ್ಕನೇ ಅಳತೆಗೆ ಮತ್ತೆ ಕಾರ್ತಿಕ. ಆ ಹೊತ್ತಿಗೆ ನಾನೇ ತೋಟ ತೋಟಕ್ಕೆ ಹೋಗಿ, ಈ ಕಾರ್ಡು ನೋಡಿ ಯಾರನ್ನೂ ಬಿಡಬೇಡಿ, ಯಾರನ್ನೂ ಇಟ್ಟುಕೊಳ್ಳಲೂ ಬೇಡಿ ಎಂದು ಕೈ ಮುಗಿದು ಬಂದಿದ್ದೆ. ಗುರುಸಿದ್ದಯ್ಯನವರು ಮುಖವೆತ್ತಿ ಮಾತಾಡಲಿಲ್ಲ. ಅವರಿಗೆ ನನಗಿಂತ ಹೆಚ್ಚು ನೋವಾಗಿತ್ತು. ಕೆಂಚಪ್ಪನ ಮನೆಗೆ ನಾನು ಹೋಗಲಿಲ್ಲ. ಹೋಗಬೇಕಾಗಿಯೂ ಇರಲಿಲ್ಲ. ಗೈಡ್ ದಾರಿ ತೋರಿಸಿದ್ದರು. ಅದು ಕೆಲಸದಲ್ಲಿ ಆದ ಹೊಸ ಗಾಯ, ಮೂರನೇ ರೀಡಿಂಗ್‌ವರೆಗೆ ಇಟ್ಟುಕೊಂಡು ಅಲ್ಲಿಂದಾಚೆಗೆ ಕೈಬಿಟ್ಟಿದ್ದೇವೆ ಅಂತ ಬರಿ, ನಿಯಮದಲ್ಲಿ ಅವಕಾಶವಿದೆ ಎಂದರು. ಅವಕಾಶ ಇತ್ತು. ಸೂಜಿಯ ವಿಷಯ? ಅದು ಹೆಂಡತಿಯ ಬಾಯಿಮಾತು, ದಾಖಲೆಯಲ್ಲ. ಹಾಗೆಂದವಳು ನಾನೇ, ಗೈಡ್ ಅಲ್ಲ. ಎಂಬತ್ತನಾಲ್ಕು ಪುಸ್ತಕದಲ್ಲಿ ಉಳಿಯಿತು. ಅದರ ಮುಂದಿನ ಕಾಲಂನಲ್ಲಿ ಒಂದು ಸಣ್ಣ ಗೆರೆ.

ವೈವಾದಲ್ಲಿ ಆ ಗೆರೆಯ ಬಗ್ಗೆ ಯಾರೂ ಕೇಳಲಿಲ್ಲ. ಶಾಲು ಹೊದಿಸಿದರು, ಫೋಟೋ ತೆಗೆದರು. ಮನೆಯಲ್ಲಿ ಅಮ್ಮ ಪಾಯಸ ಮಾಡಿದ್ದಳು. ಅದಕ್ಕೆ ತುರಿದು ಹಾಕಿದ್ದು ತಿಪಟೂರು ಕೊಬ್ಬರಿ. ಎರಡು ಚಮಚ ತಿಂದು ಎದ್ದೆ.

ಅಜ್ಜಿ ಗಿಟುಕು ಕೊಟ್ಟುಹೋದ ಮುಂದಿನ ಭಾನುವಾರ ಕಂದಿಕೆರೆಗೆ ಹೋದೆ. ಮೂರು ವರ್ಷ ಕಳೆದಿತ್ತು. ಏನು ಹೇಳಬೇಕೆಂದು ಬಸ್ಸಿನಲ್ಲಿ ಹತ್ತು ಸಲ ಜೋಡಿಸಿಕೊಂಡೆ, ಹತ್ತು ಸಲವೂ ಚದುರಿಹೋಯಿತು.

ಅಂಗಳದಲ್ಲಿ ಕಾಯಿ ರಾಶಿ. ಅದರ ಮುಂದೆ ಕೆಂಚಪ್ಪ ಮಣೆಯ ಮೇಲೆ ಕೂತು, ಒಂದೊಂದೇ ಕಾಯನ್ನು ಎಡಗೈಯಲ್ಲೆತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ ಕೇಳುತ್ತಿದ್ದ. ಒಳಗೆ ಉಂಡೆ ಉರುಳಿದರೆ ಬಲಕ್ಕೆ, ನೀರು ಕುಲುಕಿದರೆ ಎಡಕ್ಕೆ. ಸುತ್ತಲಿನ ತೋಟದವರು ಅನುಮಾನದ ಕಾಯನ್ನು ಅವನ ಹತ್ತಿರ ಕಳಿಸುತ್ತಾರಂತೆ. ಬಲತೋಳು ತೆಳ್ಳಗಾಗಿ ಮಡಿಲಲ್ಲಿ ಮಲಗಿತ್ತು.

"ಬನ್ನಿ ಡಾಕ್ಟ್ರಮ್ಮ" ಎಂದ. ನಿನ್ನೆ ಮೊನ್ನೆ ನೋಡಿದವನಂತೆ. "ಪರೀಕ್ಷೆ ಪಾಸಾಯ್ತಾ ನಿಮ್ದು?"

"ಆಯ್ತು ಕೆಂಚಣ್ಣ."

"ಆಯ್ತಾ!" ಜಯಮ್ಮನ ಕಡೆ ತಿರುಗಿದ. "ನಾ ಹೇಳ್ನಿಲ್ವಾ? ನೀವ್ ಫೇಲಾದ್ರೆ ನಾನೂ ಫೇಲು ಅಂದಿದ್ರಲ್ಲ. ನಮ್ಮಿಂದ ಕೆಡ್ಲಿಲ್ಲ ಕಣೇ."

ಜಯಮ್ಮ ಮಜ್ಜಿಗೆ ತಂದಿಟ್ಟಳು. ಕೂರಿ ಎನ್ನಲಿಲ್ಲ, ಹೋಗಿ ಎಂತಲೂ ಎನ್ನಲಿಲ್ಲ. ಕೆಂಚಪ್ಪ ಅವಳಿಗೆ ಏನೋ ಸನ್ನೆ ಮಾಡಿದ. ಅವಳು ಒಳಗಿಂದ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಹಳದಿ ಕಾರ್ಡು ತಂದುಕೊಟ್ಟಳು. ಐವತ್ತೆಂಟು, ಅರವತ್ತೊಂದು, ಎಂಬತ್ತನಾಲ್ಕು. ಎಲ್ಲ ನನ್ನ ಕೈಬರಹ.

"ನಾಕನೇದು ಹಂಗೇ ಉಳ್ಕಂಡೈತೆ" ಎಂದ. "ಬತ್ತೀರಾ ಅಂತ ಆ ವರ್ಸ ಕಾದೆ."

ಮಜ್ಜಿಗೆಯ ಲೋಟ ಕೆಳಗಿಟ್ಟೆ. ಬಾಯಿಗೆ ಬಂದದ್ದು ಇಷ್ಟೆ. "ಕೆಂಚಣ್ಣ, ಆವತ್ತು ಕೈ ಎತ್ತಿದಾಗ ನಿಮ್ಮ ತುಟಿ ಮೇಲೆ ಬೆವರಿತ್ತು. ನಾನು ನೋಡಿದ್ದೆ. ನೋಡಿಯೂ ಬರೆದೆ."

ಅವನು ಕೈಯಲ್ಲಿದ್ದ ಕಾಯನ್ನು ಅಲ್ಲಾಡಿಸಿ ಕೇಳಿ, ಬಲಗಡೆಯ ರಾಶಿಗೆ ಹಾಕಿದ.

"ಗೊತ್ತು ಕಣಮ್ಮ. ನೀವು ನೋಡಿದ್ನ ನಾನೂ ನೋಡ್ದೆ. ಈಗ ಸಿಕ್ಕಾಕ್ಕಂಡೆ ಅಂತ ಎದೆ ಧಸಕ್ಕಂತು. ನೀವು ತಲೆ ಬಗ್ಗಿಸ್ಕಂಡು ಬರುದ್ರಿ. ನಂಗೆ ಹಾರೆ ಬೇಕಿತ್ತು, ನಿಮ್ಗೆ ಮಾರ್ಕ್ಸ್ ಬೇಕಿತ್ತು. ಇಬ್ರೂ ಸುಮ್ಗಾದೋ."

ಜಯಮ್ಮ ಬಾಗಿಲಲ್ಲೇ ನಿಂತಿದ್ದಳು. ಈ ಸಲ ಬೆನ್ನು ತಿರುಗಿಸಲಿಲ್ಲ.

ಕೆಂಚಪ್ಪ ಮಣೆಯಿಂದೆದ್ದು ನನ್ನೆದುರು ನಿಂತ. ಹೇಳದೇ ಇದ್ದರೂ ಬಲಗೈ ಎತ್ತಲು ಹೊರಟ. ಭುಜ ಕಿವಿಯ ಕಡೆ ಏರಿತು, ಮೈ ಎಡಕ್ಕೆ ವಾಲಿತು, ಕೈ ಸೊಂಟದವರೆಗೆ ಬಂದು ನಿಂತಿತು. ತಲೆಯ ಹಿಂದೆ ಆಗಲಿಲ್ಲ. ಬೆನ್ನ ಹಿಂದೆ ಆಗಲಿಲ್ಲ. ನೋವಿದೆಯಾ ಎಂದೆ, ಐತೆ ಎಂದ. ಮಲಗಿದಾಗ ಎಂದೆ, ಆಗ್ಲೂ ಐತೆ ಎಂದ. ತಕ್ಕಡಿ ತಂದಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಚೀಲದಿಂದ ಪೆನ್ನು ತೆಗೆದೆ.

"ಎಷ್ಟು?" ಎಂದು ಕೇಳಿದ.

"ಇಪ್ಪತ್ತಾರು."

"ಬರೀರಿ" ಎಂದ.

ಬರೆದೆ.